ತೋಟದ ಏರು, ಊರಿನ ಹೆದ್ದಾರಿ: ಹಳೆಯ ಜೀಪೋ, ಹೊಸ ಗಾಡಿಯೋ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರರು. ತಂದೆಯವರ ಕಾಲದ ಮಹೀಂದ್ರ ಎಂಎಂ 540 ಜೀಪು ಇವತ್ತಿಗೂ ತೋಟದಲ್ಲಿ ಓಡುತ್ತಿದೆ. ಮಕ್ಕಳು ಬೆಂಗಳೂರಿನಲ್ಲಿ ಓದುತ್ತಿರುವುದರಿಂದ ತಿಂಗಳಿಗೆ ಎರಡು ಸಲವಾದರೂ ಅಲ್ಲಿಗೆ ಹೋಗಿಬರಬೇಕು. ತೋಟಕ್ಕೂ ಹೆದ್ದಾರಿಗೂ ಒಂದೇ ಗಾಡಿ ಆಗಲಿ ಎಂಬ ಯೋಚನೆ ಇದೆ. ಪರಿಚಯದವರೊಬ್ಬರು 2016ರ ಥಾರ್ ಸಿಆರ್‌ಡಿಇ (ಮಹೀಂದ್ರದ ಹಳೆಯ ಮಾದರಿಯ ಡೀಸೆಲ್ ಥಾರ್) ಮಾರುತ್ತಿದ್ದಾರೆ, ಗಾಡಿ ಚೆನ್ನಾಗಿದೆ. ಮಗ ಹೊಸ ಥಾರ್ ಅಥವಾ ಥಾರ್ ರಾಕ್ಸ್ ಬೇಕೆನ್ನುತ್ತಾನೆ. ಆದರೆ ಹೊಸ ಗಾಡಿಗಳು ಮಲೆನಾಡಿನ ಮಳೆಗಾಲಕ್ಕೆ ಬಾಳುವುದಿಲ್ಲ, ಒಂದು ಸೆನ್ಸರ್ ಕೈಕೊಟ್ಟರೆ ತೋಟದ ಮಧ್ಯೆ ನಿಲ್ಲಬೇಕಾಗುತ್ತದೆ ಎಂದು ನಮ್ಮ ಮೆಕ್ಯಾನಿಕ್ ಎಚ್ಚರಿಸುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಕೆಲಸಕ್ಕೆ ಒಂದೇ ಗಾಡಿ ಎಂಬುದು ಖಚಿತವಾಗಿದ್ದರೆ ಹೊಸ ಥಾರ್ ತೆಗೆದುಕೊಳ್ಳಿ, ಅದರಲ್ಲೂ 2.2 ಲೀಟರ್ ಡೀಸೆಲ್ ಇಂಜಿನ್ನಿನ ಫೋರ್ ವೀಲ್ ಡ್ರೈವ್ ಗಾಡಿಯನ್ನೇ ಆರಿಸಿ. ಹಳೆಯ ಗಾಡಿ ಹತ್ತುವ ಏರನ್ನು ಹೊಸ ಗಾಡಿಯೂ ಹತ್ತಬೇಕಾದರೆ ಒಳ್ಳೆಯ ಟೈರು ಮತ್ತು ಚಾಲಕರ ತಾಳ್ಮೆ ಇದ್ದರೆ ಸಾಕು; ಆದರೆ ಹೆದ್ದಾರಿಯಲ್ಲಿ ಹೊಸ ಗಾಡಿಗಿರುವ ಬ್ರೇಕು, ಏರ್‌ಬ್ಯಾಗು, ಡಿಕ್ಕಿಯ ಹೊಡೆತವನ್ನು ತಾಳಿಕೊಳ್ಳುವ ದೇಹದ ಗಟ್ಟಿತನ, ಇವನ್ನು ಹಳೆಯ ಗಾಡಿಗೆ ಎಷ್ಟು ಹಣ ಸುರಿದರೂ ಆಮೇಲೆ ಸೇರಿಸಲು ಬರುವುದಿಲ್ಲ. ಆಯ್ಕೆಯ ಮುಖ್ಯ ಆಧಾರ ಇದೇ ಆಗಿರಬೇಕೆಂಬುದು ನನ್ನ ಅಭಿಪ್ರಾಯ.

ಮೊದಲು ತೋಟದ ಮಾತು. ನಿಮ್ಮ ಎಂಎಂ 540 ಇಷ್ಟು ವರ್ಷ ಸೋಲದೆ ದುಡಿದಿರುವುದಕ್ಕೆ ಅದರ ಸರಳ ರಚನೆಯೇ ಕಾರಣ. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎಡ ಬಲ ಚಕ್ರಗಳನ್ನು ಸೇರಿಸುವ ಒಂದೇ ದಂಡ), ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್, 2.1 ಲೀಟರಿನ ಪ್ಯೂಜೋ ಡೀಸೆಲ್ ಇಂಜಿನ್ನು. ಶಕ್ತಿ ಅರವತ್ತು ಚಿಲ್ಲರೆ ಅಶ್ವಶಕ್ತಿ ಮಾತ್ರವಾದರೂ ವೇಗ ತಗ್ಗಿಸಿ ಎಳೆಯುವ ಬಲ ಹೆಚ್ಚಿಸುವ ಲೋ ಗೇರಿನಲ್ಲಿ ನಡೆಯುವ ವೇಗಕ್ಕೆ ಅದು ಧಾರಾಳ. ಗಟ್ಟಿ ಆಕ್ಸಲಿನ ಗಾಡಿಯಲ್ಲಿ ಒಂದು ಚಕ್ರ ಕಲ್ಲಿನ ಮೇಲೇರಿದಾಗ ಆಕ್ಸಲ್ ವಾಲಿಕೊಂಡು ಇನ್ನೊಂದು ಬದಿಯ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಮಾತ್ರವಲ್ಲ, ಆಕ್ಸಲ್ ನಡುವೆ ಎರಡು ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಗುಂಡಿಗೂ ನೆಲಕ್ಕೂ ನಡುವಿನ ಅಂತರ ಭಾರ ಹೇರಿದರೂ ಬದಲಾಗುವುದಿಲ್ಲ. ಗೊಬ್ಬರದ ಮೂಟೆ ತುಂಬಿಕೊಂಡು ಕಲ್ಲು ಹಾಸಿದ ತೋಟದ ದಾರಿಯಲ್ಲಿ ಇಳಿಯುವವರಿಗೆ ಈ ಗುಣದ ಬೆಲೆ ಗೊತ್ತಿರುತ್ತದೆ.

ಇನ್ನು 2010ರಲ್ಲಿ ಬಂದ ಥಾರ್ ಸಿಆರ್‌ಡಿಇ ನೋಡಲು ಹಳೆಯ ಜೀಪಿನ ಹಾಗೆಯೇ ಇದ್ದರೂ ಒಳಗೆ ಅದು ಬೇರೆಯೇ ಗಾಡಿ. ಮುಂದಿನ ಗಟ್ಟಿ ಆಕ್ಸಲ್ ಹೋಗಿ ಎರಡು ಚಕ್ರಗಳೂ ಪ್ರತ್ಯೇಕವಾಗಿ ಏರಿಳಿಯುವ ವ್ಯವಸ್ಥೆ ಬಂತು, ಹಿಂದೆ ಮಾತ್ರ ಲೀಫ್ ಸ್ಪ್ರಿಂಗ್ ಉಳಿಯಿತು. 2.5 ಲೀಟರ್ ಇಂಜಿನ್ನಿನಿಂದ 105 ಅಶ್ವಶಕ್ತಿ ಮತ್ತು 247 ನ್ಯೂಟನ್ ಮೀಟರ್ ತಿರುಗುಬಲ ಸಿಗುತ್ತದೆ. 2015ರ ಪರಿಷ್ಕರಣೆಯಲ್ಲಿ ಹಿಂದಿನ ಆಕ್ಸಲಿಗೆ ತಾನಾಗಿ ಕಚ್ಚಿಕೊಂಡು ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಲಾಕಿಂಗ್ ಡಿಫರೆನ್ಷಿಯಲ್ (ಲಾಕರ್) ಸೇರಿತು, ಆದರೆ ಎಲ್ಲ ಗಾಡಿಗಳಿಗೂ ಅದನ್ನು ಕೊಟ್ಟಿರಲಿಲ್ಲ. ನಿಮ್ಮ ಪರಿಚಯದವರ ಗಾಡಿಯಲ್ಲಿ ಅದು ಇದೆಯೋ ಇಲ್ಲವೋ ಎಂಬುದನ್ನು ಕೇಳಲೇಬೇಕು, ಏಕೆಂದರೆ ಲಾಕರ್ ಇಲ್ಲದ ಸಿಆರ್‌ಡಿಇ ಅಡ್ಡ ಚರಂಡಿಗಳಿರುವ ದಾರಿಯಲ್ಲಿ ನಿಮ್ಮ ಹಳೆಯ ಜೀಪಿಗಿಂತ ಬೇಗ ಸೋಲುವುದುಂಟು: ಮುಂದಿನ ಒಂದು ಚಕ್ರ, ಹಿಂದಿನ ಎದುರು ಮೂಲೆಯ ಒಂದು ಚಕ್ರ ಗಾಳಿಯಲ್ಲಿ ತೇಲಿದವೆಂದರೆ ಇಂಜಿನ್ನಿನ ಬಲವೆಲ್ಲ ಆ ಎರಡು ಚಕ್ರಗಳನ್ನು ಸುಮ್ಮನೆ ತಿರುಗಿಸುವುದರಲ್ಲೇ ವ್ಯರ್ಥವಾಗುತ್ತದೆ.

2020ರ ಅಕ್ಟೋಬರಿನಲ್ಲಿ ಬಂದ ಥಾರ್ ಈ ಕೊರತೆಗಳನ್ನು ಹೆಚ್ಚುಕಡಿಮೆ ತುಂಬಿಕೊಂಡಿತು. ನೆಲದಿಂದ ಎತ್ತರ 200 ಮಿಲಿಮೀಟರಿನಿಂದ 226ಕ್ಕೆ ಏರಿತು, ಹಿಂದೆ ಲೀಫ್ ಸ್ಪ್ರಿಂಗ್ ಬದಲು ಕಾಯಿಲ್ ಸ್ಪ್ರಿಂಗ್ ಬಂತು, ಗಟ್ಟಿ ಆಕ್ಸಲ್ ಹಾಗೆಯೇ ಉಳಿಯಿತು. ಇಳಿದು ಹೊರಬರುವಾಗ ಹಿಂಬದಿ ನೆಲಕ್ಕೆ ತಾಗದಿರುವ ಕೋನ ಹಳೆಯ ಥಾರಿನಲ್ಲಿ 27 ಡಿಗ್ರಿ ಇದ್ದದ್ದು ಹೊಸದರಲ್ಲಿ ಸುಮಾರು 36. ಹಳ್ಳ ದಾಟುವಾಗ 650 ಮಿಲಿಮೀಟರ್ ನೀರಿನವರೆಗೆ ತೊಂದರೆಯಿಲ್ಲವೆಂದು ಕಂಪನಿ ಹೇಳುತ್ತದೆ. ಜಾರುವ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಬಲವನ್ನು ಇನ್ನೊಂದು ಚಕ್ರಕ್ಕೆ ಕಳಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ಇದರಲ್ಲಿದೆ.

ಇವನ್ನು ಬಳಸುವ ರೀತಿ ಹಳೆಯ ಜೀಪಿನದಲ್ಲ. ನಿಮ್ಮ ಚಾಲಕರು ಅಲ್ಲೇ ಎಡವಬಹುದು. ಹಳೆಯ ಜೀಪಿನಲ್ಲಿ ಚಕ್ರ ಜಾರತೊಡಗಿದ ಕೂಡಲೇ ಅನುಭವಿ ಚಾಲಕರು ಆಕ್ಸಲರೇಟರಿನಿಂದ ಕಾಲು ತೆಗೆಯುತ್ತಾರೆ. ಮೆಕ್ಯಾನಿಕಲ್ ಲಾಕರ್ ಇರುವ ಥಾರಿನಲ್ಲಿ ಹಾಗೆ ಮಾಡಿದರೆ ಲಾಕರ್ ಕೆಲಸವನ್ನೇ ಶುರುಮಾಡುವುದಿಲ್ಲ. ಹಿಂದಿನ ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತುಗಳ ವ್ಯತ್ಯಾಸ ಬಂದಾಗಲಷ್ಟೇ ಅದು ಕಚ್ಚಿಕೊಳ್ಳುತ್ತದೆ. ಆದ್ದರಿಂದ ಚಕ್ರ ಜಾರಲಿ ಎಂದು ಕಾಲನ್ನು ಹಗುರವಾಗಿ, ಆದರೆ ಸ್ಥಿರವಾಗಿ ಒತ್ತಿ ಹಿಡಿಯಬೇಕು, ಹಿಂದಿನಿಂದ ಠಕ್ ಎಂದು ಕೇಳಿಸುತ್ತದೆ, ಮರುಕ್ಷಣ ಎರಡೂ ಚಕ್ರ ಒಟ್ಟಿಗೆ ತಿರುಗಿ ಗಾಡಿ ಮುಂದೆ ಸರಿಯುತ್ತದೆ. ಆ ಸದ್ದಿಗೆ ಬೆದರಿ ಕಾಲು ತೆಗೆದವರು ಹೊಸ ಗಾಡಿಯೇ ಸರಿಯಿಲ್ಲ ಎಂದುಕೊಳ್ಳುವುದನ್ನು ನಾನು ಬಹಳ ಕಡೆ ನೋಡಿದ್ದೇನೆ.

ನಿಮ್ಮ ಮೆಕ್ಯಾನಿಕ್ ಅವರ ಮಾತಿನಲ್ಲಿ ಸತ್ಯವಿದೆ, ಆದರೆ ಅದು ನೀವು ಯೋಚಿಸಿದ ಕಡೆಗೆ ಅನ್ವಯಿಸುವುದಿಲ್ಲ. 2016ರ ಸಿಆರ್‌ಡಿಇ ಕೂಡ ಕಂಪ್ಯೂಟರ್ ನಿಯಂತ್ರಿತ ಕಾಮನ್ ರೈಲ್ ಇಂಜಿನ್ನೇ. ಅದರಲ್ಲೂ ಸೆನ್ಸರ್ ಇದೆ, ಅದರ ವಯರಿಂಗಿಗೂ ಇಲಿ ಹಲ್ಲು ಹಾಕುತ್ತದೆ, ಅದರ ಇಂಜೆಕ್ಟರ್ ಕೆಟ್ಟರೂ ಊರಿನ ಗ್ಯಾರೇಜಿನಲ್ಲಿ ಕೆಲಸ ಮುಗಿಯುವುದಿಲ್ಲ. ಆ ಚಿಂತೆಯಿಂದ ನಿಜವಾಗಿ ಮುಕ್ತವಾಗಿರುವುದು ನಿಮ್ಮ ಮನೆಯಲ್ಲಿರುವ ಎಂಎಂ 540 ಮಾತ್ರ. ಸೆನ್ಸರಿನ ಭಯಕ್ಕಾಗಿ ಹಳೆಯ ಥಾರ್ ಕೊಳ್ಳುವುದರಲ್ಲಿ ಅರ್ಥವಿಲ್ಲ; ಅದರಲ್ಲಿ ಸೆನ್ಸರೂ ಇರುತ್ತದೆ, ಒಂಬತ್ತು ಹತ್ತು ವರ್ಷದ ಹಳೆಯ ವಯರಿಂಗೂ ಇರುತ್ತದೆ.

ಹೊಸ ಡೀಸೆಲ್ ಗಾಡಿಯ ನಿಜವಾದ ತೊಡಕು ಬೇರೆಯದು. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಒಂದಷ್ಟು ಹೊತ್ತು ಸಮನಾದ ವೇಗದಲ್ಲಿ ಓಡಿ ಹೊಗೆ ಚೆನ್ನಾಗಿ ಕಾದಾಗ ಆ ಮಸಿ ಸುಟ್ಟು ಫಿಲ್ಟರ್ ಶುದ್ಧವಾಗುತ್ತದೆ. ಬಂಗಲೆಯಿಂದ ಕಣಕ್ಕೆ, ಕಣದಿಂದ ಕೂಲಿ ಲೈನಿಗೆ ಎಂದು ದಿನವಿಡೀ ಒಂದನೇ ಎರಡನೇ ಗೇರಿನಲ್ಲಿ ಮಾತ್ರ ಓಡುವ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಂಡು ದೀಪ ಹೊತ್ತುತ್ತದೆ. ನಿಮ್ಮ ವಿಷಯದಲ್ಲಿ ತಿಂಗಳಿಗೆರಡು ಸಲದ ಬೆಂಗಳೂರು ಪ್ರಯಾಣವೇ ಈ ಕೆಲಸವನ್ನು ಮಾಡಿಕೊಡುತ್ತದೆ. ಹೆದ್ದಾರಿಯನ್ನೇ ಕಾಣದ ತೋಟದ ಗಾಡಿಗೆ ಮಾತ್ರ ಹೊಸ ಡೀಸೆಲ್ ಬೇಡ ಎಂದು ನಾನು ಹೇಳುತ್ತೇನೆ.

ಹೆದ್ದಾರಿಯ ವಿಷಯಕ್ಕೆ ಬಂದರೆ ಹೋಲಿಕೆಗೆ ಹೆಚ್ಚು ಮಾತು ಬೇಕಿಲ್ಲ. ಹಾಸನ–ಬೆಂಗಳೂರು ನಡುವಿನ ನಾಲ್ಕು ಪಥದಲ್ಲಿ ಎಲ್ಲರೂ ಓಡಿಸುವ ವೇಗ ನಿಮಗೆ ಗೊತ್ತು. ವಿಭಜಕದ ಸಂದಿಯಿಂದ ಟ್ರ್ಯಾಕ್ಟರ್ ನುಗ್ಗುವುದು, ರಾತ್ರಿ ದೀಪವಿಲ್ಲದೆ ನಿಂತ ಲಾರಿ, ಎಡಬದಿಯಲ್ಲಿ ಎದುರುಮುಖವಾಗಿ ಬರುವ ಬೈಕು, ಇವೂ ಗೊತ್ತು. 2016ರ ಥಾರಿನಲ್ಲಿ ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ, ಏರ್‌ಬ್ಯಾಗ್ ಇಲ್ಲ, ಹಿಂದೆ ಎದುರುಬದುರು ಬೆಂಚಿನಲ್ಲಿ ಅಡ್ಡಲಾಗಿ ಕೂರಬೇಕು. ಮಳೆಯಲ್ಲಿ ತಟ್ಟನೆ ಬ್ರೇಕ್ ಒತ್ತಿದರೆ ಚಕ್ರ ಕಟ್ಟಿಕೊಂಡು ಸ್ಟೀರಿಂಗ್ ಮಾತು ಕೇಳದಾಗುತ್ತದೆ. 2020ರ ಥಾರ್ ಅದೇ ವರ್ಷ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೂ ಮಕ್ಕಳ ಸುರಕ್ಷತೆಗೂ ಐದರಲ್ಲಿ ತಲಾ 4 ನಕ್ಷತ್ರ ಪಡೆಯಿತು. ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೊರಡುವ ತಂದೆ ತಾಯಿಗೆ ಈ ವ್ಯತ್ಯಾಸವೊಂದೇ ಸಾಕು ಎಂದು ನನಗೆ ಅನ್ನಿಸುತ್ತದೆ.

ರಾಕ್ಸ್ ಬಗ್ಗೆ: 2024ರ ಆಗಸ್ಟ್ 15ರಂದು ಬಿಡುಗಡೆಯಾದ ಈ ಐದು ಬಾಗಿಲ ಗಾಡಿಗೆ ಭಾರತ್ ಎನ್‌ಕ್ಯಾಪ್‌ನಲ್ಲಿ 5 ನಕ್ಷತ್ರ ಬಂದಿದೆ, ದೂರದ ಪ್ರಯಾಣಕ್ಕೆ ಮೂರು ಬಾಗಿಲ ಥಾರಿಗಿಂತ ಎಷ್ಟೋ ಹಿತ. ಆದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ ಥಾರಿನಲ್ಲಿ 2450 ಮಿಲಿಮೀಟರ್ ಇದ್ದರೆ ರಾಕ್ಸಿನಲ್ಲಿ 2850. ಜೀಪಿಗೆಂದೇ ಕಡಿದ ತೋಟದ ತಿರುವುಗಳಲ್ಲಿ ಒಂದೇ ಸಲಕ್ಕೆ ತಿರುಗದೆ ಹಿಂದೆ ಮುಂದೆ ಮಾಡಬೇಕಾಗುತ್ತದೆ, ಮಣ್ಣಿನ ದಿಬ್ಬ ದಾಟುವಾಗ ಹೊಟ್ಟೆ ತಾಗುವ ಸಂಭವವೂ ಹೆಚ್ಚು. ಟೆಸ್ಟ್ ಡ್ರೈವಿಗೆ ಗಾಡಿಯನ್ನು ತೋಟಕ್ಕೇ ತರಿಸಿಕೊಂಡು ಅತ್ಯಂತ ಇಕ್ಕಟ್ಟಿನ ತಿರುವಿನಲ್ಲಿ ತಿರುಗಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ. ಎರಡು ಚಕ್ರಕ್ಕೆ ಮಾತ್ರ ಬಲವಿರುವ, ಬೆಲೆ ಕಡಿಮೆಯ ಥಾರ್ ಮತ್ತು ರಾಕ್ಸ್ ಕೂಡ ಮಾರಾಟದಲ್ಲಿವೆ. ಅವುಗಳಲ್ಲಿ ಲೋ ಗೇರ್ ಇಲ್ಲ, ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಯಾವುದನ್ನು ಕೊಂಡರೂ ಎಂಎಂ 540 ಮಾರಬೇಡಿ. ಅದಕ್ಕೆ ಬರುವ ಹಣಕ್ಕಿಂತ ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಮಾಡುವ ಕೆಲಸದ ಬೆಲೆ ದೊಡ್ಡದು.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ. ರಜೆಯ ದಿನಗಳಲ್ಲಿ ಗೆಳೆಯರೊಂದಿಗೆ ಆಫ್‌ರೋಡ್ ಹೋಗುತ್ತೇನೆ. ನನ್ನ ಬಳಿ 2008ರ ಮಾರುತಿ ಜಿಪ್ಸಿ ಇದೆ. ಅದೇ ಕಂಪನಿಯ ಜಿಮ್ನಿಗೆ ಬದಲಾಯಿಸಿದರೆ ಕೆಸರಿನಲ್ಲಿ ಜಿಪ್ಸಿಯಷ್ಟೇ ಸಲೀಸಾಗಿ ಹೋಗುತ್ತದೆಯೇ? ಜಿಮ್ನಿಯನ್ನು ಸ್ವಲ್ಪ ಎತ್ತರಿಸಿ ದೊಡ್ಡ ಮಡ್ ಟೈರ್ ಹಾಕಿಸುವ ಆಸೆಯಿದೆ.

ಉತ್ತರ: ಕೆಸರಿನಲ್ಲಿ ತೂಕವೇ ಮೊದಲ ಲೆಕ್ಕ. ಜಿಪ್ಸಿ ಸುಮಾರು ಒಂದು ಟನ್, ಐದು ಬಾಗಿಲ ಜಿಮ್ನಿ ಸುಮಾರು 1200 ಕಿಲೋ, ಥಾರ್ ಇವೆರಡಕ್ಕಿಂತಲೂ ಬಹಳ ಭಾರ. 1985ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಸೈನ್ಯವೂ ರ‍್ಯಾಲಿ ಚಾಲಕರೂ ಜಿಪ್ಸಿಯನ್ನು ನೆಚ್ಚಿಕೊಂಡದ್ದಕ್ಕೆ ಈ ಹಗುರತನವೇ ದೊಡ್ಡ ಕಾರಣ: ಮೇಲಿನ ಪದರ ಒಣಗಿ ಒಳಗೆ ಹಸಿಯಿರುವ ಕೆರೆಯಂಗಳದ ಮಣ್ಣಿನಲ್ಲಿ ಭಾರದ ಗಾಡಿ ಹೂತುಹೋಗುವ ಜಾಗವನ್ನು ಜಿಪ್ಸಿ ತೇಲಿದ ಹಾಗೆ ದಾಟಿಬಿಡುತ್ತದೆ. ಜಿಮ್ನಿ ಆ ಗುಣವನ್ನು ಬಹುಪಾಲು ಉಳಿಸಿಕೊಂಡಿದೆ. ಎರಡೂ ಕಡೆ ಗಟ್ಟಿ ಆಕ್ಸಲ್, ಪ್ರತ್ಯೇಕ ಚಾಸಿಸ್, ಲೋ ಗೇರ್, ಎಲ್ಲವೂ ಇವೆ. ಲೀಫ್ ಸ್ಪ್ರಿಂಗ್ ಬದಲು ಕಾಯಿಲ್ ಸ್ಪ್ರಿಂಗ್ ಇರುವುದರಿಂದ ಕಲ್ಲಿನ ದಾರಿಯಲ್ಲಿ ಚಕ್ರಗಳು ನೆಲವನ್ನು ಜಿಪ್ಸಿಗಿಂತ ಚೆನ್ನಾಗಿ ಹಿಡಿಯುತ್ತವೆ. ಜಾರುವ ಚಕ್ರಕ್ಕೆ ಬ್ರೇಕ್ ಹಾಕುವ ವ್ಯವಸ್ಥೆ ಇರುವುದರಿಂದ ಲಾಕರ್ ಇಲ್ಲದ ಕೊರತೆಯೂ ಅಷ್ಟಾಗಿ ಕಾಡುವುದಿಲ್ಲ. ಆದರೆ ಅದರ ಲೋ ಗೇರ್ ಅನುಪಾತ ಸುಮಾರು 2 ಮಾತ್ರ, ಥಾರಿನಲ್ಲಿ ಅದು ಸುಮಾರು 2.5. ಅದಕ್ಕೆ ಪೆಟ್ರೋಲ್ ಇಂಜಿನ್ನಿನ 134 ನ್ಯೂಟನ್ ಮೀಟರ್ ತಿರುಗುಬಲವೂ ಸೇರಿ, ಕಡಿದಾದ ಕಲ್ಲಿನ ಏರಿನಲ್ಲಿ ನಿಂತು ಮತ್ತೆ ಹೊರಡುವುದು ಜಿಮ್ನಿಗೆ ತ್ರಾಸದ ಕೆಲಸ.

ಹೆದ್ದಾರಿಯಲ್ಲಿ ಜಿಪ್ಸಿ ನೂರರ ವೇಗ ಮುಟ್ಟುತ್ತದೆ, ಆದರೆ ಅಲ್ಲಿ ಗಂಟೆಗಟ್ಟಲೆ ಉಳಿಯಲು ಇಂಜಿನ್ನಿಗೂ ಕಿವಿಗೂ ಬೆನ್ನಿಗೂ ಕಷ್ಟ. ಜಿಮ್ನಿಯಲ್ಲಿ 6 ಏರ್‌ಬ್ಯಾಗ್, ಎಬಿಎಸ್, ಗಾಡಿ ಅಡ್ಡ ಜಾರದಂತೆ ಹಿಡಿಯುವ ಇಎಸ್‌ಪಿ ಎಲ್ಲವೂ ಇವೆ. ಆದರೂ ಯುರೋ ಎನ್‌ಕ್ಯಾಪ್ 2018ರಲ್ಲಿ ಮೂರು ಬಾಗಿಲ ಜಿಮ್ನಿಗೆ ಕೊಟ್ಟದ್ದು 3 ನಕ್ಷತ್ರ ಎಂಬುದು ನೆನಪಿರಲಿ. ಹಗುರ, ಎತ್ತರ, ಸಣ್ಣ ಅಗಲದ ಗಾಡಿ ಇದು; ಬೈಲುಸೀಮೆಯ ಅಡ್ಡಗಾಳಿಗೆ ಓಲಾಡುತ್ತದೆ.

ಎತ್ತರಿಸುವ ಆಸೆಯನ್ನು ದಯವಿಟ್ಟು ಬಿಡಿ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಎತ್ತಿಹಿಡಿದಿದೆ. ಅಪಘಾತವಾದಾಗ ವಿಮಾ ಕಂಪನಿಯವರು ಮೊದಲು ನೋಡುವುದು ಇದನ್ನೇ. ಕಾನೂನನ್ನು ಬದಿಗಿಟ್ಟರೂ, ಇಎಸ್‌ಪಿ ಲೆಕ್ಕ ಹಾಕಿರುವುದು ಮೂಲ ಎತ್ತರ ಮತ್ತು ಮೂಲ ಟೈರಿಗೆ. ಎತ್ತರ ಹೆಚ್ಚಿಸಿ, ಅಂತರ ಬಿಟ್ಟ ಗಡ್ಡೆಗಳ ಮಡ್ ಟೈರ್ ಹಾಕಿದರೆ ಒದ್ದೆ ಡಾಂಬರಿನ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರ ಹೆಚ್ಚುತ್ತದೆ. ಮೂಲ ಅಳತೆಯಲ್ಲೇ ಒಳ್ಳೆಯ ಆಲ್ ಟೆರೇನ್ ಟೈರ್ ಹಾಕಿಸಿ, ಕೆಸರಿಗಿಳಿಯುವ ಮೊದಲು ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿ, ಮತ್ತೆ ಡಾಂಬರಿಗೆ ಬಂದ ಕೂಡಲೇ ತುಂಬಿಸಿಕೊಳ್ಳಿ. ಅದಕ್ಕೊಂದು ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇರಲಿ. ನಿಮ್ಮ ಜಿಪ್ಸಿಗೂ ಇದೇ ಮಾತು ಅನ್ವಯಿಸುತ್ತದೆ. ಇನ್ನೊಂದು ವಿಷಯ: ಅನುಮತಿಯಿಲ್ಲದೆ ಮೀಸಲು ಅರಣ್ಯಕ್ಕಾಗಲಿ ಶೋಲೆ ಕಾಡಿನ ಸುತ್ತಲಿನ ಹುಲ್ಲುಗಾವಲಿಗಾಗಲಿ ಗಾಡಿ ಇಳಿಸಬೇಡಿ. ಒಂದು ಮಳೆಗಾಲದಲ್ಲಿ ಚಕ್ರ ಕೊರೆದ ಗಾಡಿಜಾಡು ಮುಂದಿನ ಮಳೆಗಾಲಕ್ಕೆ ಕೊರಕಲಾಗಿ ಗುಡ್ಡವನ್ನೇ ಕರಗಿಸುತ್ತದೆ.

ಪ್ರಶ್ನೆ: ಒಮಾನಿನ ಮಸ್ಕತ್‌ನಲ್ಲಿದ್ದೇನೆ. ಹಳೆಯ ಮಿತ್ಸುಬಿಷಿ ಪಜೆರೊ ಇದೆ. ಅದನ್ನು ಕೊಟ್ಟು ನಾಲ್ಕೂ ಚಕ್ರಕ್ಕೆ ಬಲವಿರುವ ಹೊಸ ಕ್ರಾಸೋವರ್ (ಕಾರಿನ ರಚನೆಯ ಎತ್ತರದ ಗಾಡಿ) ತೆಗೆದುಕೊಳ್ಳಬಹುದೇ? ಊರಿಂದ ಬಂದವರನ್ನು ಜಬಲ್ ಅಖ್ದರ್ ಬೆಟ್ಟಕ್ಕೆ ಕರೆದೊಯ್ಯುವುದು ವಾಡಿಕೆ.

ಉತ್ತರ: ಪೇಟೆಗೂ ಹೆದ್ದಾರಿಗೂ ಆಗಬಹುದು, ಬೆಟ್ಟಕ್ಕೆ ಬೇಡ. ಜಬಲ್ ಅಖ್ದರ್ ರಸ್ತೆಯ ಬುಡದ ಪೊಲೀಸ್ ತಪಾಸಣೆಯಲ್ಲಿ ಫೋರ್ ವೀಲ್ ಡ್ರೈವ್ ಗಾಡಿಗಳನ್ನಷ್ಟೇ ಮೇಲಕ್ಕೆ ಬಿಡುವುದು ನಿಮಗೆ ಗೊತ್ತೇ ಇದೆ. ರಸ್ತೆ ಪೂರ್ತಿ ಡಾಂಬರಿನದೇ. ಆ ನಿಯಮದ ಹಿಂದಿರುವ ಕಾಳಜಿ ಹತ್ತುವುದಕ್ಕಿಂತ ಹೆಚ್ಚಾಗಿ ಇಳಿಯುವುದಕ್ಕೆ ಸಂಬಂಧಿಸಿದ್ದು. ಉದ್ದಕ್ಕೂ ಬ್ರೇಕ್ ಒತ್ತಿಕೊಂಡು ಇಳಿದರೆ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪಜೆರೊ ಕೆಳ ಗೇರಿನಲ್ಲಿ ಇಂಜಿನ್ನಿನ ತಡೆಯಿಂದಲೇ ನಿಧಾನವಾಗಿ ಇಳಿಯುತ್ತದೆ, ಇಳಿಜಾರು ತೀರಾ ಕಡಿದಾದರೆ ಲೋ ರೇಂಜೂ (ಲೋ ಗೇರ್) ಇದೆ. ನಾಲ್ಕೂ ಚಕ್ರಕ್ಕೆ ಬಲ ಹೋಗುತ್ತದೆಂಬ ಮಾತ್ರಕ್ಕೆ ಕ್ರಾಸೋವರ್ ಆಫ್‌ರೋಡ್ ಗಾಡಿಯಾಗುವುದಿಲ್ಲ. ಬಹುತೇಕ ಕ್ರಾಸೋವರ್‌ಗಳಲ್ಲಿ ಲೋ ರೇಂಜ್ ಇರುವುದಿಲ್ಲ, ಮರಳಿನಲ್ಲಿ ಹೆಚ್ಚು ಹೊತ್ತು ಹೆಣಗಿದರೆ ಬಲ ಹಂಚುವ ಕ್ಲಚ್ ಕಾದು ಹಿಂದಿನ ಚಕ್ರಗಳು ಸುಮ್ಮನಾಗಿಬಿಡಬಹುದು. ಬದಲಾಯಿಸಲೇಬೇಕೆಂದಿದ್ದರೆ ಪ್ರತ್ಯೇಕ ಚಾಸಿಸ್ ಮತ್ತು ಲೋ ರೇಂಜ್ ಇರುವ ಪ್ರಾಡೊದಂಥ ಗಾಡಿಯನ್ನೇ ನೋಡಿ.

ಪ್ರಶ್ನೆ: ತೀರ್ಥಹಳ್ಳಿಯ ಹತ್ತಿರ ಅಡಿಕೆ ತೋಟ. ತೋಟದೊಳಗೆ ಮತ್ತು ಪೇಟೆಗೆ ಹೋಗಿಬರಲು ಮಾತ್ರ ಹಳೆಯ ಮಹೀಂದ್ರ ಜೀಪು ಕೊಳ್ಳಬೇಕೆಂದಿದ್ದೇನೆ. ನೋಡುವಾಗ ಏನನ್ನು ಗಮನಿಸಬೇಕು?

ಉತ್ತರ: ನಿಮ್ಮ ಬಳಕೆಗೆ ಹಳೆಯ ಜೀಪೇ ಸರಿ, ಹೊಸದಕ್ಕೆ ಹಣ ಹಾಕುವುದು ಬೇಡ. ಬಣ್ಣ, ಸೀಟು, ಹುಡ್ ನೋಡಿ ಮರುಳಾಗಬೇಡಿ. ಮೊದಲು ಆರ್‌ಸಿ ತೆಗೆಸಿ, ಅದರಲ್ಲಿರುವ ಇಂಜಿನ್ ಮತ್ತು ಚಾಸಿಸ್ ಸಂಖ್ಯೆಯನ್ನು ಗಾಡಿಯ ಮೇಲೆ ಕೊರೆದಿರುವುದರೊಂದಿಗೆ ನೀವೇ ಬಟ್ಟೆಯಿಂದ ಒರೆಸಿ ಹೋಲಿಸಿ. ಹಳೆಯ ಜೀಪುಗಳಿಗೆ ಇಂಜಿನ್ ಬದಲಾಯಿಸುವುದು ಸಾಮಾನ್ಯ; ಬದಲಾಯಿಸಿದ್ದು ದಾಖಲೆಯಲ್ಲಿ ನಮೂದಾಗಿರದಿದ್ದರೆ ನೋಂದಣಿ ನವೀಕರಿಸುವಾಗ ಗಾಡಿ ಅಂಗಳದಲ್ಲೇ ಉಳಿಯುತ್ತದೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆಗೆ ಒಯ್ದು ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು, ಹಸಿರು ತೆರಿಗೆಯನ್ನೂ ಕಟ್ಟಬೇಕು. ಬಾಕಿಯಿದ್ದರೆ ಮಾರುವವರೇ ಅದನ್ನು ಮುಗಿಸಿ ಕೊಡಲಿ.

ಗಾಡಿಯ ಕೆಳಗೆ ಟಾರ್ಚು ಹಿಡಿದು ಮಲಗಿ ನೋಡಿ. ಲೀಫ್ ಸ್ಪ್ರಿಂಗ್ ಚಾಸಿಸ್‌ಗೆ ಸೇರುವ ಜಾಗದಲ್ಲಿ ತುಕ್ಕು ತಿಂದಿದೆಯೇ, ಹೊಸದಾಗಿ ಬೆಸುಗೆ ಹಾಕಿ ಮೇಲೆ ಕಪ್ಪು ಬಣ್ಣ ಬಳಿದಿದ್ದಾರೆಯೇ ಎಂಬುದನ್ನು ಸ್ಕ್ರೂಡ್ರೈವರಿನಿಂದ ತಟ್ಟಿ ಪರೀಕ್ಷಿಸಿ. ಆಮೇಲೆ ಓಡಿಸಿ ನೋಡುವಾಗ ಏರಿನಲ್ಲಿ ಲೋ ಗೇರ್ ಹಾಕಿ, ತಟ್ಟನೆ ಕಾಲು ತೆಗೆದಾಗ ಗೇರ್ ತಾನಾಗಿ ಹೊರಗೆ ಹಾರುತ್ತದೆಯೇ ನೋಡಿ. ಹಾರಿದರೆ ಮುಂದಿನ ಹಿಂದಿನ ಆಕ್ಸಲಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಕಾಗುತ್ತದೆ. ಡಾಂಬರಿನಲ್ಲಿ ಐವತ್ತು ಅರವತ್ತರ ವೇಗದಲ್ಲಿ ಸಣ್ಣ ಗುಂಡಿಗೆ ಮುಂದಿನ ಚಕ್ರ ಇಳಿದಾಗ ಸ್ಟೀರಿಂಗ್ ಬಡಬಡ ಹೊಡೆದುಕೊಂಡು, ಗಾಡಿ ಬಹುತೇಕ ನಿಲ್ಲುವ ತನಕ ಬಿಡದಿದ್ದರೆ ಮುಂದಿನ ಚಕ್ರಗಳನ್ನು ಎಡ ಬಲಕ್ಕೆ ತಿರುಗಿಸುವ ಭಾಗಗಳಾದ ಕಿಂಗ್ ಪಿನ್ ಬೇರಿಂಗ್, ಟೈ ರಾಡ್ ಸವೆದಿರುವ ಸಾಧ್ಯತೆಯೇ ಹೆಚ್ಚು. ದುರಸ್ತಿ ಕಷ್ಟವಲ್ಲ, ಆದರೆ ದುರಸ್ತಿಯಾಗುವ ತನಕ ಆ ಜೀಪನ್ನು ರಸ್ತೆಗೆ ತರಬಾರದು.

ಕೊನೆಯದಾಗಿ ಟೈರು. ಕಡಿಮೆ ಓಡಿದ ಜೀಪಿನ ಟೈರಿನಲ್ಲಿ ಗಡ್ಡೆ ಎತ್ತರವಾಗಿಯೇ ಇರುತ್ತದೆ, ಆದರೆ ರಬ್ಬರ್ ಗಟ್ಟಿಯಾಗಿ ಹಿಡಿತ ಹೋಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2315 ಎಂದಿದ್ದರೆ ಅದು 2015ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯದಾಗಿದ್ದರೆ ನಾಲ್ಕು ಹೊಸ ಟೈರುಗಳ ಬೆಲೆಯನ್ನು ಕಳೆದೇ ಚೌಕಾಸಿಗೆ ಕೂರಿ.